ನಂಬರುಗಳಾದ ಊರು

ನವಮಂಗಳೂರು ಬಂದರಿನ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಇಸವಿಗಳಲ್ಲಿ ಹೇಳಿ ಮುಗಿಸುತ್ತಾರೆ. 1962ರಲ್ಲಿ ಕಾಮಗಾರಿ ಆರಂಭ, 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂಬ ಘೋಷಣೆ, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆ. ಆ ಇಸವಿಗಳ ನಡುವೆ ನೆಲ ಬಿಟ್ಟು ಎದ್ದು ಬಂದವರ ಮಕ್ಕಳು ನಾವು.

ನೇತ್ರಾವತಿ-ಗುರುಪುರ ಅಳಿವೆಯ ಹಳೆಬಂದರಿನಲ್ಲಿ ಆಳ ಸಾಲದು. ದೊಡ್ಡ ಹಡಗುಗಳು ದೂರ ಕಡಲಲ್ಲೇ ನಿಲ್ಲಬೇಕಿತ್ತು. ಹಾಗಾಗಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಕಡಲನ್ನು ಒಳಗೆ ಕರೆಯಲಾಯಿತು. ಅಲ್ಲಿದ್ದ ಕುಟುಂಬಗಳಿಗೆ ಸುರತ್ಕಲ್‌ನ ಪೂರ್ವಕ್ಕಿರುವ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಸಿಕ್ಕಿತು.

ಹಳೆಯ ಮನೆಯ ಹಂಚು, ಪಕ್ಕಾಸು, ಬಾಗಿಲುಗಳನ್ನು ಬಿಚ್ಚಿ ಲಾರಿಗೆ ಹೇರಿದ್ದು ನಮಗೆ ನೆನಪಿದೆ. ಬಾವಿಯನ್ನು ಹೇರುವಂತಿರಲಿಲ್ಲ. ಪಣಂಬೂರಿನ ಹೊಯಿಗೆಯಲ್ಲಿ ಸ್ವಲ್ಪ ತೋಡಿದರೆ ನೀರು, ಇಲ್ಲಿ ಮುರಕಲ್ಲು. ಉಮ್ಮಂದಿರು ಕೊಡ ಹಿಡಿದು ಸಾಲು ನಿಂತರು. ತೆಂಗಿನ ತೋಟ ಹೋದ ಮನೆಗಳಿಗೆ ಬೀಡಿಯ ಸೂಪು ಬಂತು. ನಮಗೆ ಮಕ್ಕಳಿಗೆ ವಿಚಿತ್ರವೆನಿಸಿದ್ದು ಊರಿನ ಹೆಸರು. ಮೂರನೇ ಬ್ಲಾಕ್, ಏಳನೇ ಬ್ಲಾಕ್ ಎಂದು ನಂಬರುಗಳೇ ಊರಾಗಿದ್ದವು. ಹಿರಿಯರು ಮಾತ್ರ ಕೊನೆಯವರೆಗೂ "ನಮ್ಮದು ಪಣಂಬೂರು" ಎಂದೇ ಹೇಳುತ್ತಿದ್ದರು.

ಊರು ಬೆಳೆದ ವೇಗ ಮಾತ್ರ ಬೆರಗಿನದು. 1960ರಲ್ಲೇ ಸುರತ್ಕಲ್‌ಗೆ ಇಂಜಿನಿಯರಿಂಗ್ ಕಾಲೇಜು ಬಂದಿತ್ತು. 1976ರಲ್ಲಿ ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಎಪ್ಪತ್ತರ ದಶಕದಿಂದ ಗಲ್ಫಿಗೆ ಹೋದವರ ಹಣ ಹಂಚಿನ ಮಾಡನ್ನು ಇಳಿಸಿ ತಾರಸಿ ಹಾಕಿಸಿತು. 1988ರಲ್ಲಿ ತೈಲ ಶುದ್ಧೀಕರಣದ ಕಂಪೆನಿ ಸ್ಥಾಪನೆಯಾಯಿತು. ಅದಕ್ಕಾಗಿ ಮತ್ತಷ್ಟು ಕುಟುಂಬಗಳು ನೆಲ ಬಿಟ್ಟವು. ಬಂದರಿನಿಂದ ನಾಡಿಗೆ ಲಾಭವಾಗಿಲ್ಲವೆಂದು ಯಾರೂ ಹೇಳಲಾರರು. ಆದರೆ ಲಾಭದ ಲೆಕ್ಕ ಇಟ್ಟಷ್ಟು ಜತನದಿಂದ ಬಿಟ್ಟುಕೊಟ್ಟದ್ದರ ಲೆಕ್ಕವನ್ನು ಇಡಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ನೆಲ ಕಳೆದುಕೊಂಡವರಲ್ಲಿ ಬ್ಯಾರಿಗಳಿದ್ದರು, ಮೊಗವೀರರಿದ್ದರು, ಬಿಲ್ಲವರಿದ್ದರು, ಕ್ರೈಸ್ತರಿದ್ದರು. ಒಂದೇ ಬಾವಿಯ ಹಗ್ಗ ಎಲ್ಲರ ಕೈಯನ್ನೂ ಉಜ್ಜಿತ್ತು. ಮನೆ ಕಟ್ಟುವಾಗ ಪರಸ್ಪರ ಹೆಗಲು ಕೊಟ್ಟವರ ಮಕ್ಕಳು 1998ರ ಡಿಸೆಂಬರಿನ ಸುರತ್ಕಲ್ ಗಲಭೆಯ ದಿನಗಳಲ್ಲಿ ಬಾಗಿಲು ಮುಚ್ಚಿ ಕುಳಿತರು. ಒಟ್ಟಿಗೆ ಕಳೆದುಕೊಂಡದ್ದನ್ನು ಮರೆತ ಊರಿನಲ್ಲಿ ಬೇರೆಬೇರೆಯಾಗುವುದು ಸುಲಭ.

ಪಣಂಬೂರಿನ ಅಂಗಳಗಳನ್ನು ಕಂಡ ಹಿರಿಯರು ಈಗ ಬ್ಲಾಕಿಗೆ ಕೆಲವರಷ್ಟೇ ಉಳಿದಿದ್ದಾರೆ. ಅವರ ಮಾತನ್ನು, ಬ್ಯಾರಿಯಲ್ಲೋ ತುಳುವಿನಲ್ಲೋ, ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಸರಕಾರದ ಅನುದಾನವೇನೂ ಬೇಕಿಲ್ಲ. ನೆರೆಮನೆಯ ಜಗಲಿಯವರೆಗೆ ನಡೆದು ಹೋದರೆ ಸಾಕು.