ಹಡಗು, ಚರ್ಮ, ದೀಪ: ಕೊಬ್ಬಿನ ಕುರಿತು ಕೇಳಿದ ಒಂದು ಪ್ರಶ್ನೆ

ಹಿಜರಿ 8ನೇ ವರ್ಷ (ಕ್ರಿ.ಶ. 630), ಮಕ್ಕಾ ವಿಜಯದ ಸಂದರ್ಭ. ಮದ್ಯ, ಸತ್ತ ಪ್ರಾಣಿ, ಹಂದಿ ಮತ್ತು ವಿಗ್ರಹಗಳ ಮಾರಾಟ ನಿಷಿದ್ಧವೆಂದು ಪ್ರವಾದಿ ಮುಹಮ್ಮದ್(ಸ) ಸಾರಿದರು. ಆಗ ಅವರ ಮುಂದೆ ಒಂದು ಪ್ರಶ್ನೆ ಬಂತು. ಸತ್ತ ಪ್ರಾಣಿಯ ಕೊಬ್ಬನ್ನು ಹಡಗುಗಳಿಗೆ ಬಳಿಯುತ್ತಾರೆ, ಚರ್ಮಕ್ಕೆ ಸವರುತ್ತಾರೆ, ಜನರು ಅದರಿಂದ ದೀಪ ಉರಿಸುತ್ತಾರೆ; ಅದರ ವಿಧಿಯೇನು? ಇಲ್ಲ, ಅದು ಹರಾಮ್ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ.

ಅಂದಿನ ಬದುಕಿನಲ್ಲಿ ಕೊಬ್ಬಿಗೆ, ನಾವು ಚರ್ಬಿ ಎನ್ನುವುದಕ್ಕೆ, ಎಂಥ ಸ್ಥಾನವಿತ್ತು ಎಂಬುದು ಈ ಪ್ರಶ್ನೆಯಿಂದಲೇ ತಿಳಿಯುತ್ತದೆ. ದನ, ಕುರಿಗಳ ಮೂತ್ರಪಿಂಡದ ಸುತ್ತಲಿನ ಕೊಬ್ಬನ್ನು ಸಣ್ಣ ಉರಿಯಲ್ಲಿ ಕರಗಿಸಿ ಸೋಸಿದರೆ, ಆರಿದ ಮೇಲೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ; ಬಹುಕಾಲ ಕೆಡುವುದಿಲ್ಲ. ಮರಕ್ಕೆ ಬಳಿದರೆ ನೀರು ಒಳಗಿಳಿಯದು. ಒಣಗಿ ಬಿರುಕು ಬಿಡುವ ಚರ್ಮ ಅದರಿಂದ ಮೆತ್ತಗಾಗುತ್ತದೆ. ಬತ್ತಿ ಇಟ್ಟರೆ ಹೊಗೆ, ವಾಸನೆ ಬಂದರೂ ಬೆಳಕಾಗುತ್ತದೆ. ಅಂದರೆ ಅದು ನಾವಿಕನ, ಚರ್ಮದ ಕೆಲಸದವನ ಮತ್ತು ಪ್ರತಿಯೊಂದು ಮನೆಯ ಅಗತ್ಯದ ಪ್ರಶ್ನೆಯಾಗಿತ್ತು.

ನಿಷೇಧವಿದ್ದುದು ಸತ್ತ ಪ್ರಾಣಿಯ ಕೊಬ್ಬಿಗೆ. ಝಬಹ್ ಮಾಡಿದ ಹಲಾಲ್ ಪ್ರಾಣಿಯ ಕೊಬ್ಬು ಹಲಾಲ್. ಹದೀಸ್‌ನಲ್ಲಿರುವ 'ಅದು' ಎಂಬ ಮಾತು ಮಾರಾಟಕ್ಕೆ ಮಾತ್ರ ಸಂಬಂಧಿಸಿದ್ದು, ಹಡಗಿಗೆ ಬಳಿಯುವಂಥ ಉಪಯೋಗಕ್ಕೆ ಅಡ್ಡಿಯಿಲ್ಲ ಎಂದು ಶಾಫಿಈ ವಿದ್ವಾಂಸರು ಅರ್ಥೈಸಿದರು. ಬಳಕೆಯೂ ಸಲ್ಲದು ಎಂಬುದು ಬಹುಪಾಲು ವಿದ್ವಾಂಸರ ನಿಲುವು. ನಮ್ಮ ಕರಾವಳಿಯ ನವಾಯತರು, ಬ್ಯಾರಿಗಳು ಶಾಫಿಈ ಮದ್‌ಹಬ್‌ನವರು. ಒಳನಾಡಿನವರು ಹೆಚ್ಚಾಗಿ ಹನಫಿಗಳು. ಮಾರಬಾರದು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಇದರಿಂದ ಹಡಗುಗಳೇನೂ ನಿಲ್ಲಲಿಲ್ಲ. 1183ರಲ್ಲಿ ಹಜ್ಜ್‌ಗೆ ಹೊರಟ ಪ್ರವಾಸಿ ಇಬ್ನ್ ಜುಬೈರ್, ಕೆಂಪು ಸಮುದ್ರದ ಐದಾಬ್ ಬಂದರಿನ ಹಡಗುಗಳನ್ನು ವರ್ಣಿಸಿದ್ದಾರೆ. ಅವುಗಳ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ತುಪ್ಪ, ಹರಳೆಣ್ಣೆ ಅಥವಾ ಶಾರ್ಕ್ ಮೀನಿನ ಎಣ್ಣೆ ಬಳಿಯುತ್ತಿದ್ದರು, ಮೀನಿನೆಣ್ಣೆಯೇ ಉತ್ತಮವಂತೆ. ನಮ್ಮ ಕರಾವಳಿಯಲ್ಲೂ ದೋಣಿಗಳಿಗೆ ಬೂತಾಯಿ ಎಣ್ಣೆ ಬಳಿಯುವ ರೂಢಿಯಿತ್ತು. ನಾಬ್ಲುಸ್‌ನ ಪ್ರಸಿದ್ಧ ಸಾಬೂನು ಆಲಿವ್ ಎಣ್ಣೆಯದು. ಹರಾಮ್‌ನ ಒಂದು ಬಾಗಿಲು ಮುಚ್ಚಿದಾಗ ಹಲಾಲ್‌ನ ಹಲವು ಬಾಗಿಲುಗಳು ತೆರೆದೇ ಇದ್ದವು.

ಯಾವ ಪ್ರಾಣಿಯ ಕೊಬ್ಬು ಎಂದು ಹೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1857 ಸಾಕ್ಷಿ. ಎನ್‌ಫೀಲ್ಡ್ ಬಂದೂಕಿನ ತೋಟಾಗಳನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಅವುಗಳಿಗೆ ಸವರಿದ್ದು ದನದ ಮತ್ತು ಹಂದಿಯ ಕೊಬ್ಬು ಎಂಬ ಸುದ್ದಿ ಸಿಪಾಯಿಗಳಲ್ಲಿ ಹಬ್ಬಿತು. ಇಂಥದ್ದು ಬೇಡವೆಂದು 1853ರಲ್ಲೇ ಒಬ್ಬ ಸೇನಾಧಿಕಾರಿ ಎಚ್ಚರಿಸಿದ್ದರೂ ಕಂಪನಿ ಕಿವಿಗೊಟ್ಟಿರಲಿಲ್ಲ. ಸ್ವತಃ ತಂದ ಎಣ್ಣೆ ಬಳಸಬಹುದೆಂಬ ಅನುಮತಿ ಬಂದಾಗ ನಂಬಿಕೆ ಮುರಿದುಹೋಗಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ ಕೊಟ್ಟದ್ದು ಹಳೆಯ ಮಾದರಿಯ ತೋಟಾಗಳನ್ನೇ. ಆದರೂ 90 ಸವಾರರಲ್ಲಿ 85 ಮಂದಿ, ಹಿಂದೂಗಳೂ ಮುಸ್ಲಿಮರೂ, ಮುಟ್ಟಲು ನಿರಾಕರಿಸಿದರು. ಮೇ 9ರಂದು ಅವರಿಗೆ ಬೇಡಿ ತೊಡಿಸಲಾಯಿತು. ಮರುದಿನವೇ ದಂಗೆ ಭುಗಿಲೆದ್ದಿತು.

ಇಂದಿಗೂ ಕೆಲವು ಸಾಬೂನುಗಳ ಹೊದಿಕೆಯಲ್ಲಿ 'ಸೋಡಿಯಂ ಟ್ಯಾಲೋವೇಟ್' ಎಂದಿರುತ್ತದೆ. ಅದು ಪ್ರಾಣಿಯ ಕೊಬ್ಬಿನಿಂದ ಬಂದದ್ದು. ಯಾವ ಪ್ರಾಣಿ ಎಂದು ಆ ಹೆಸರು ಹೇಳುವುದಿಲ್ಲ. ಕೊಬ್ಬು ಸಾಬೂನಾಗಿ ರೂಪ ಬದಲಿಸಿದ ಮೇಲೆ ಅದರ ವಿಧಿಯೇನೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ನಿಮ್ಮ ಜಮಾಅತ್‌ನ ಉಲಮಾಗಳಲ್ಲಿ ವಿಚಾರಿಸಿರಿ. ಕೇಳುವುದಕ್ಕೆ ಸಂಕೋಚ ಬೇಡ. ಸಹಾಬಿಗಳು ದೀಪದೆಣ್ಣೆಯ ಬಗ್ಗೆಯೂ ಕೇಳಿದ್ದರು. ಇನ್ನು ನಮ್ಮಲ್ಲಿ ವ್ಯಾಪಾರ ಮಾಡುವವರು, ತಾವು ಮಾರುವುದರಲ್ಲಿ ಏನಿದೆಯೆಂದು ಗಿರಾಕಿ ಕೇಳುವ ಮೊದಲೇ ಹೇಳಲಿ. ಅದು ನಮ್ಮ ಮೇಲಿರುವ ಅಮಾನತ್.