ನಾಪೋಕ್ಲಿನ ಕಾಫಿ ಕಣ ಮತ್ತು ಶ್ಯೂಹಾರ್ಟರ ರೇಖೆಗಳು

ಕಾಫಿಯ ಚರಿತ್ರೆಯೆಂದರೆ ತೋಟ, ಒಡೆತನ, ಬೆಲೆಗಳ ಚರಿತ್ರೆಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನಾಪೋಕ್ಲಿನ ಕಣಗಳಲ್ಲಿ ಒಣಗುವ ಹಣ್ಣಿನ ತೇವಾಂಶಕ್ಕೂ ಒಂದು ಚರಿತ್ರೆಯಿದೆ.

1942ರ ಕಾಫಿ ಕಾಯಿದೆಯ ತರುವಾಯ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಗುಣಮಟ್ಟದ ತೀರ್ಪು ಕಣದಿಂದಾಚೆ, ಎಲ್ಲ ಕೆಲಸ ಮುಗಿದ ಮೇಲೆ ಹೊರಬೀಳುತ್ತಿತ್ತು. ರೋಬಸ್ಟಾ ಚೆರಿಯ ತೇವಾಂಶ ಶೇ. 11ರಷ್ಟಿರಬೇಕೆಂಬುದು ರೂಢಿಯ ಮಾನದಂಡ. ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ತೂಕದ ನಷ್ಟ. ತಪ್ಪು ಯಾವ ದಿನ, ಯಾರ ಕೈಯಲ್ಲಿ ಆಯಿತೆಂಬುದನ್ನು ಆ ತೀರ್ಪು ಹೇಳುತ್ತಿರಲಿಲ್ಲ.

ಅಮೆರಿಕದ ದೂರವಾಣಿ ಉಪಕರಣಗಳ ತಯಾರಿಕೆಯಲ್ಲಿ ಇಂಥದೇ ತೊಡಕಿಗೆ ವಾಲ್ಟರ್ ಶ್ಯೂಹಾರ್ಟ್ 1924ರಲ್ಲಿ ನಿಯಂತ್ರಣ ನಕ್ಷೆಯನ್ನು ಸೂಚಿಸಿದರು. ಸರಾಸರಿಯ ಒಂದು ರೇಖೆ. ಅದರ ಮೇಲೂ ಕೆಳಗೂ ಮೂರು ಮಾನಕ ವಿಚಲನೆಗಳಷ್ಟು ದೂರದಲ್ಲಿ ಮಿತಿಯ ರೇಖೆಗಳು. ಬಿಂದು ಇವನ್ನು ದಾಟಿದರೆ ವಿಶೇಷ ಕಾರಣವನ್ನು ಹುಡುಕಬೇಕು. ಒಳಗೇ ಇದ್ದರೆ ಪ್ರತಿಯೊಂದು ಏರಿಳಿತಕ್ಕೂ ಆಳುಗಳನ್ನು ದೂರುವುದು ನಿರರ್ಥಕ. ಶೇ. 11 ಈ ರೇಖೆಗಳಲ್ಲೊಂದಲ್ಲವೆಂಬುದನ್ನು ಒತ್ತಿ ಹೇಳಬೇಕು. ಅದು ಕೊಳ್ಳುವವರ ಬೇಡಿಕೆ. ಮಿತಿಗಳು ಹುಟ್ಟುವುದು ಕಣದ ಸ್ವಂತ ನಡವಳಿಕೆಯಿಂದ. ಇವೆರಡನ್ನು ಬೆರೆಸಿದರೆ ನಕ್ಷೆಯು ಮತ್ತೊಂದು ತಪಾಸಣೆಯಾಗಿಬಿಡುತ್ತದೆ.

ಶ್ಯೂಹಾರ್ಟ್ 1947-48ರಲ್ಲಿ ಭಾರತಕ್ಕೆ ಬಂದರು. ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಗುಣಮಟ್ಟ ನಿಯಂತ್ರಣ ಘಟಕವನ್ನು ತೆರೆಯಿತು. ಅದರ ಮುಖ ಸಹಜವಾಗಿಯೇ ಕಾರ್ಖಾನೆಗಳತ್ತ ಇತ್ತು. ಕಣವೂ ಒಂದು ಉತ್ಪಾದನಾ ಸ್ಥಳವೆಂಬ ಭಾವನೆ ನಮ್ಮಲ್ಲಿ ಬೇರೂರಲಿಲ್ಲ.

1990ರ ದಶಕದಲ್ಲಿ ಪೂಲ್ ವ್ಯವಸ್ಥೆ ಕೊನೆಗೊಂಡು ಮಾರಾಟದ ಸ್ವಾತಂತ್ರ್ಯದೊಡನೆ ಗುಣಮಟ್ಟದ ಹೊಣೆಯೂ ಬೆಳೆಗಾರರ ಮನೆಯಂಗಳಕ್ಕೆ ಬಂದಿತು. ಒಣಗಿದ ಪ್ರತಿ ರಾಶಿಯ ತೇವಾಂಶವನ್ನು ದಿನಾಂಕಸಹಿತ ಬರೆದಿಡುವ ಒಂದು ಪುಸ್ತಕವಿದ್ದರೆ, ಅಕಾಲದ ಮಳೆ ಬಿದ್ದ ದಿನವೂ ರಾಶಿಯನ್ನು ಮಗುಚದೆ ಬಿಟ್ಟ ದಿನವೂ ಅದರಲ್ಲಿ ಬೇರೆಬೇರೆಯಾಗಿಯೇ ಕಾಣುತ್ತವೆ.