ಅರಸಾಳಿನ ನಿಲ್ದಾಣ

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲುದಾರಿಯಲ್ಲಿ ಕುಂಸಿ ದಾಟಿದ ಮೇಲೆ ಅರಸಾಳು ಎಂಬ ಸಣ್ಣ ನಿಲ್ದಾಣ ಬರುತ್ತದೆ. ಹೊಸನಗರ ತಾಲ್ಲೂಕಿನ ಊರು. ರಿಪ್ಪನ್‌ಪೇಟೆಗೂ, ಜೈನರ ಯಾತ್ರಾಸ್ಥಳವಾದ ಹೊಂಬುಜಕ್ಕೂ ಹೋಗುವವರಿಗೆ ಹತ್ತಿರದ ನಿಲ್ದಾಣ. ನಾಡಿನ ಹೆಚ್ಚಿನ ಜನಕ್ಕೆ ಇದು ಪರಿಚಯವಾದದ್ದು ಮಾತ್ರ ತನ್ನ ಹೆಸರಿನಿಂದಲ್ಲ, ಎಲ್ಲಿಯೂ ಇಲ್ಲದ ಊರೊಂದರ ಹೆಸರಿನಿಂದ.

ಆ ಕತೆಗೆ ಮೊದಲು ಹಳಿಯ ಕತೆಯನ್ನು ಹೇಳಬೇಕು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದಕ್ಕೆ, ದಟ್ಟವಾದ ಕಾಡಿನ ನಡುವೆ, ಮೈಸೂರು ಸಂಸ್ಥಾನದ ರೈಲ್ವೆ ಹಂತ ಹಂತವಾಗಿ ಮೀಟರ್‌ಗೇಜ್ ಹಳಿ ಹಾಸುತ್ತ ಹೋಗಿ 1940ರ ಹೊತ್ತಿಗೆ ತಾಳಗುಪ್ಪವನ್ನು ಮುಟ್ಟಿತು. ಅಲ್ಲಿಗೆ ನಿಂತಿತು. ಹೊನ್ನಾವರದವರೆಗೆ ಎಳೆದು ಕಡಲನ್ನು ಮುಟ್ಟಿಸುವ ಮಾತು ಇಂದಿಗೂ ಮಾತಾಗಿಯೇ ಉಳಿದಿದೆ.

ಮೀಟರ್‌ಗೇಜ್ ಕಾಲದ ಹಳ್ಳಿಯ ನಿಲ್ದಾಣವೆಂದರೆ ಏನೇನು ಇತ್ತೆಂಬುದನ್ನು ಈಗಿನ ಹುಡುಗರಿಗೆ ವಿವರಿಸುವುದು ಕಷ್ಟ. ಟಿಕೆಟ್ಟು ಕೊಡುವುದು ಅದರ ಕೆಲಸಗಳಲ್ಲಿ ಒಂದು ಮಾತ್ರ. ಸಾಮಾನು ತೂಗಿ ಪಾರ್ಸೆಲ್ ಮಾಡುವುದು ಅಲ್ಲಿ. ಅಂಚೆಯ ಚೀಲ ಇಳಿಯುವುದು ಅಲ್ಲಿ. ಅವಸರವಿದ್ದರೆ ತಂತಿ ಕಳುಹಿಸುವುದೂ ಅಲ್ಲಿಯೇ. ದಿನಕ್ಕೊಮ್ಮೆ ತಂತಿಯಲ್ಲಿ ಬಂದ ಸೂಚನೆಗೆ ಸ್ಟೇಷನ್ ಮಾಸ್ತರು ಗಡಿಯಾರ ಹೊಂದಿಸುತ್ತಿದ್ದರು. ಸುತ್ತಲಿನ ಹಳ್ಳಿಗಳ ಗಡಿಯಾರಗಳು ಅದನ್ನು ನೋಡಿ ತಿದ್ದಿಕೊಳ್ಳುತ್ತಿದ್ದವು.

ನನಗೆ ಎಲ್ಲಕ್ಕಿಂತ ಬೆರಗಾಗಿ ಕಂಡದ್ದು ಟೋಕನ್ನಿನ ಏರ್ಪಾಡು. ಒಂಟಿ ಹಳಿಯ ಮೇಲೆ ಎರಡು ರೈಲು ಎದುರಾದರೆ ಗತಿಯೇನು? ಅದಕ್ಕಾಗಿ ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ತಂತಿಯಿಂದ ಕೂಡಿದ ಎರಡು ಯಂತ್ರಗಳು. ಇಲ್ಲಿಯ ಯಂತ್ರದಿಂದ ಟೋಕನ್ ಹೊರಬರಬೇಕಾದರೆ ಅಲ್ಲಿಯ ಮಾಸ್ತರು ಒಪ್ಪಿಗೆ ಕೊಡಬೇಕು. ಒಂದು ಹೊರಬಂದ ಮೇಲೆ ಅದು ಯಂತ್ರಕ್ಕೆ ಮರಳುವ ತನಕ ಎರಡೂ ಕಡೆ ಮತ್ತೊಂದು ಬಾರದು. ಅದನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ಎಂಜಿನ್ನಿನ ಕಡೆಗೆ ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದ; ಡ್ರೈವರು ಬಗ್ಗಿ ತೋಳು ತೂರಿಸಿ ಎಳೆದುಕೊಳ್ಳುತ್ತಿದ್ದ. ಆ ಬಳೆ ಕೈಗೆ ಬಾರದೆ ರೈಲು ಮುಂದೆ ಹೋಗುವಂತಿರಲಿಲ್ಲ. ನೂರಾರು ಜನರ ಪ್ರಾಣ ಹಳ್ಳಿಯ ಇಬ್ಬರು ನೌಕರರ ಎಚ್ಚರದ ಮೇಲೆ ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಟಿಕೆಟ್ಟಿನ ಮಾತು ಬಂತು. ಆಗಿನ ಗಟ್ಟಿ ರಟ್ಟಿನ ಪುಟ್ಟ ಟಿಕೆಟ್ಟು ಕೂಡ ಒಂದು ಹಳ್ಳಿಯ ನಿಲ್ದಾಣದ ಕೊಡುಗೆಯೇ. 1830ರ ದಶಕದಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಬಳಿಯ ಮಿಲ್ಟನ್ ಎಂಬ ಸಣ್ಣ ನಿಲ್ದಾಣದಲ್ಲಿ ಮಾಸ್ತರಾಗಿದ್ದ ಥಾಮಸ್ ಎಡ್ಮಂಡ್‌ಸನ್ ಮೊದಲು ಮರಗೆಲಸದವನು. ಪ್ರತಿ ಪ್ರಯಾಣಿಕನಿಗೂ ಚೀಟಿ ಕೈಯಲ್ಲಿ ಬರೆದು ಬೇಸತ್ತು, ಕ್ರಮಸಂಖ್ಯೆ ಅಚ್ಚಾದ ರಟ್ಟಿನ ಟಿಕೆಟ್ಟು ಕಂಡುಹಿಡಿದ. ಲೋಕದ ರೈಲುಗಳೆಲ್ಲ ನೂರಕ್ಕೂ ಹೆಚ್ಚು ವರ್ಷ ಅದನ್ನೇ ಹರಿದವು.

ಇನ್ನು ಆ ಇಲ್ಲದ ಊರು. ಆರ್. ಕೆ. ನಾರಾಯಣರ ಮನಸ್ಸಿನಲ್ಲಿ ಮಾಲ್ಗುಡಿ ಮೊದಲು ಮೂಡಿದ್ದು ಒಂದು ಸಣ್ಣ ರೈಲು ನಿಲ್ದಾಣವಾಗಿ. ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಂದದ್ದು 1935ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯನ್ನು ಊರಾಗಿಸಿಕೊಂಡರು. ಆಗುಂಬೆಗೆ ರೈಲಿಲ್ಲವಾದ್ದರಿಂದ ನಿಲ್ದಾಣಕ್ಕೆ ಅರಸಾಳನ್ನು ಆರಿಸಿಕೊಂಡರು. 1986ರಲ್ಲಿ ಅದು ದೂರದರ್ಶನದಲ್ಲಿ ಬಂದಾಗ ದೇಶವೆಲ್ಲ ಅರಸಾಳನ್ನು ಕಂಡಿತು, ಹೆಸರು ತಿಳಿಯದೆ.

ಮುಂದಿನ ವರ್ಷಗಳು ಒಳ್ಳೆಯವಾಗಿರಲಿಲ್ಲ. ಶಿವಮೊಗ್ಗದವರೆಗೆ ಬ್ರಾಡ್‌ಗೇಜ್ ಬಂದಾಗ ಅದರಾಚೆಯ ಮೀಟರ್‌ಗೇಜ್ ತುಣುಕು ದ್ವೀಪದಂತೆ ಒಂಟಿಯಾಯಿತು. ಅದರ ಮೇಲೆ ರೈಲುಬಸ್ಸೊಂದು ಓಡಾಡುತ್ತಿತ್ತು. 2011ರಲ್ಲಿ ತಾಳಗುಪ್ಪದವರೆಗೂ ಹಳಿ ಅಗಲವಾಯಿತು. ಹಳೆಯ ಕಟ್ಟಡಕ್ಕೆ ಕೆಲಸವಿಲ್ಲದಾಯಿತು. ಅದನ್ನು ಉಳಿಸಿದ್ದು ಧಾರಾವಾಹಿಯ ನೆನಪು. ಅದರ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯಿಂದಲೇ ನೈಋತ್ಯ ರೈಲ್ವೆ 2020ರಲ್ಲಿ ಅದನ್ನು ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾಡಿಸಿತು.

ನಾನು ಅದನ್ನು ನೋಡಿ ಸಂತೋಷಪಟ್ಟವನೇ. ಕಟ್ಟಡವನ್ನು ಕೆಡಹುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಒಂದು ಕೊರತೆ ಒಳಗೇ ಕೊರೆಯಿತು. ಬಂದ ಹೋದ ಪ್ರತಿಯೊಂದು ರೈಲಿನ ಗಳಿಗೆಯನ್ನೂ ಮಾಸ್ತರುಗಳು ವಹಿಯಲ್ಲಿ ಬರೆದಿಡುತ್ತಿದ್ದರು. ಅವಧಿ ಮುಗಿದ ವಹಿಗಳು ರದ್ದಿಗೆ ಹೋಗುವುದು ಕಚೇರಿಯ ಕ್ರಮ. ಸ್ವಾಮಿ ಎಂಬ ಹುಡುಗ ಇಲ್ಲಿ ಓಡಾಡಿದ್ದು ಎಲ್ಲರಿಗೂ ಗೊತ್ತು. ನಿಜವಾಗಿ ಇಲ್ಲಿ ಹತ್ತಿ ಇಳಿದವರ ಲೆಕ್ಕ ಎಲ್ಲಿದೆ?

ನಾನು ಹೋದ ದಿನ ವೃದ್ಧರೊಬ್ಬರು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಅವಳು ಗೋಡೆಯ ಚಿತ್ರಗಳ ಮುಂದೆ ನಿಂತಳು. ಅವರು ಒಳಗೆ ಬರಲಿಲ್ಲ. ಹೊರಗಿನ ಜಗಲಿಯ ಮೂಲೆಯೊಂದನ್ನು ಕೋಲಿನಿಂದ ತೋರಿಸಿ, ತೂಕದ ಯಂತ್ರ ಇದ್ದದ್ದು ಅಲ್ಲಿ, ತಮ್ಮ ತಂದೆ ಅಡಿಕೆ ಮೂಟೆ ತೂಗಿಸುತ್ತಿದ್ದದ್ದು ಅಲ್ಲಿ ಎಂದರು. ನಾನು ನೋಡಿದೆ. ನೆಲ ನಯವಾಗಿತ್ತು, ಹೊಸದಾಗಿ ಸುಣ್ಣಬಣ್ಣ ಕಂಡ ಗೋಡೆಯಲ್ಲಿ ಯಾವ ಗುರುತೂ ಇರಲಿಲ್ಲ. ಅವರು ಮಾತ್ರ ಆ ಮೂಲೆಯನ್ನು ತುಳಿಯದೆ ಬಳಸಿಕೊಂಡು ನಡೆದರು.